13 ವರ್ಷ ಮುಚ್ಚಿಟ್ಟಿದ್ದ ಪ್ಯಾಕ್

2025 ಜನವರಿ 25, ಶನಿವಾರ
ಚೆರ್ರಿ ಹಿಲ್, ನ್ಯೂಜೆರ್ಸಿ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಆ ಪ್ಯಾಕ್ ಹರಿದುಬಿಟ್ಟೆ. ಬೆಳಗಿನಿಂದ ಮನಸ್ಸು ಸರಿ ಇಲ್ಲ. ಬರೆದರೆ ಸ್ವಲ್ಪ ಹಗುರಾಗಬಹುದು ಅಂತ ಕೂತಿದ್ದೇನೆ.

ಅದು ಟಾಪ್ಸ್ ಕಂಪನಿಯ 2011ರ ಅಪ್‌ಡೇಟ್ ಅನ್ನೋ ಸೆಟ್ಟಿನ ಬೇಸ್‌ಬಾಲ್ ಕಾರ್ಡ್ ಪ್ಯಾಕ್. ಒಳಗೆ ಆಟಗಾರರ ಚಿತ್ರದ 10 ಕಾರ್ಡ್, ಯಾರ್ಯಾರದು ಅನ್ನೋದು ಹರಿಯುವ ತನಕ ಗೊತ್ತಾಗೋದಿಲ್ಲ. ನಾನು ಈ ದೇಶಕ್ಕೆ ಬಂದ ವರ್ಷವೂ ಅದೇ. ಬಂದ ಹೊಸದರಲ್ಲಿ ಆಫೀಸಿನ ನಮ್ಮ ಟೀಮಿನಲ್ಲಿ ಒಬ್ಬ ಹಿರಿಯರಿದ್ದರು, ಇಲ್ಲೇ ಹುಟ್ಟಿ ಬೆಳೆದವರು. ಇಲ್ಲಿಯ ಬೇಸ್‌ಬಾಲ್ ತಂಡ ಫಿಲಡೆಲ್ಫಿಯಾ ಫಿಲೀಸ್ ಆ ವರ್ಷ 102 ಪಂದ್ಯ ಗೆದ್ದಿತ್ತು. ಒಂದು ಶನಿವಾರ ನನ್ನನ್ನು ಕರೆದುಕೊಂಡು ಹೋಗಿ ಪಂದ್ಯ ತೋರಿಸಿದರು. ಪಕ್ಕದಲ್ಲಿ ಕೂತು, ನಾನು ಕೇಳಿದ ಕ್ರಿಕೆಟ್ ಬುದ್ಧಿಯ ಪ್ರಶ್ನೆಗಳಿಗೆಲ್ಲ ಬೇಸರವಿಲ್ಲದೆ ಉತ್ತರ ಹೇಳಿದರು. ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಕಾರ್ಡ್ ಅಂಗಡಿಗೂ ಕರೆದುಕೊಂಡು ಹೋದರು. ಎರಡು ಪ್ಯಾಕ್ ಕೊಂಡು ಎರಡನ್ನೂ ನನ್ನ ಕೈಗಿಟ್ಟರು. ಒಂದನ್ನು ಈಗಲೇ ತೆಗಿ, ಇನ್ನೊಂದನ್ನು ತೆಗೀಬೇಡ, ಹಾಗೇ ಇಟ್ಟುಕೋ ಅಂದರು.

ಯಾಕೆ ಅಂತ ಕೇಳಿದ್ದಕ್ಕೆ 1952ರ ಟಾಪ್ಸ್ ಕಾರ್ಡುಗಳ ಕಥೆ ಹೇಳಿದರು. ಮಾರಾಟವಾಗದೆ ಉಳಿದ ಪೆಟ್ಟಿಗೆ ಪೆಟ್ಟಿಗೆ ಕಾರ್ಡುಗಳನ್ನು 1960ರಲ್ಲಿ ಕಂಪನಿಯವರೇ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರಂತೆ. ಜಾಗ ಖಾಲಿ ಮಾಡಬೇಕಿತ್ತು, ಅಷ್ಟೇ. ಅದೇ ಸೆಟ್ಟಿನ ಮಿಕ್ಕಿ ಮ್ಯಾಂಟಲ್ ಕಾರ್ಡ್ ಒಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರ್‌ಗೆ ಹರಾಜಾದಾಗ ನನಗೆ ಮೊದಲು ನೆನಪಾಗಿದ್ದು ಆ ದಿನ, ಆ ಅಂಗಡಿ, ಅವರ ಮಾತು.

ನಾನು ಇಟ್ಟುಕೊಂಡೆ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ, ಆಮೇಲೆ ಈ ಸ್ವಂತ ಮನೆಗೆ. ಪಾಸ್‌ಪೋರ್ಟ್ ಇಡುವ ಡ್ರಾಯರ್‌ನಲ್ಲೇ ಅದಕ್ಕೂ ಜಾಗ.

ಇಷ್ಟರಲ್ಲಿ ಮೈಕ್ ಟ್ರೌಟ್ ಅನ್ನೋ ಬೇಸ್‌ಬಾಲ್ ಆಟಗಾರ ದೊಡ್ಡವನಾದ. 2011ರಲ್ಲಿ ಅವನಿಗೆ ಇಪ್ಪತ್ತು ವರ್ಷ. ಆಡಿದ್ದು 40 ಪಂದ್ಯ, ಬ್ಯಾಟಿಂಗ್ ಸರಾಸರಿ .220. ಯಾರೂ ತಿರುಗಿ ನೋಡುವಂಥ ಲೆಕ್ಕ ಅಲ್ಲ. ಮರುವರ್ಷವೇ ವರ್ಷದ ಹೊಸ ಆಟಗಾರ ಅನ್ನಿಸಿಕೊಂಡ. 2014, 2016, 2019ರಲ್ಲಿ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ. ನಮಗೆ ಜಾಸ್ತಿ ಖುಷಿ ಯಾಕೆ ಅಂದರೆ ಅವನ ಊರು ಮಿಲ್‌ವಿಲ್, ನಮ್ಮ ಮನೆಯಿಂದ ತೆಂಕಣಕ್ಕೆ ಮುಕ್ಕಾಲು ಗಂಟೆ ದಾರಿ. ಆಡೋದು ಕ್ಯಾಲಿಫೋರ್ನಿಯಾದ ಏಂಜಲ್ಸ್ ತಂಡಕ್ಕೆ, ಆದರೂ ಇಲ್ಲಿಯವರಿಗೆ ಅವನು ನಮ್ಮ ಹುಡುಗ. ಅವನ ಹೆಸರಾದ ರೂಕಿ ಕಾರ್ಡ್, ಅಂದರೆ ಹೊಸ ಆಟಗಾರನಾಗಿದ್ದಾಗಿನ ಕಾರ್ಡ್, ಇರುವುದು ಈ 2011ರ ಅಪ್‌ಡೇಟ್ ಸೆಟ್ಟಿನಲ್ಲೇ. ನಂಬರ್ ಯುಎಸ್ 175.

ಹಾಗಾಗಿ ಎರಡು ಡಾಲರಿನ ಆಸುಪಾಸಿನ ಪ್ಯಾಕಿಗೆ ಬೆಲೆ ಏರುತ್ತಾ ಹೋಯಿತು. ಒಳಗೆ ಟ್ರೌಟ್ ಇದ್ದಾನೆ ಅಂತಲ್ಲ. ಇಲ್ಲ ಅಂತ ಯಾರಿಗೂ ಗೊತ್ತಿಲ್ಲ ಅಂತ. ಲೆಕ್ಕ ನಾನೇ ಹಾಕಿದ್ದೆ. ಸೆಟ್ಟಿನಲ್ಲಿ 330 ಕಾರ್ಡ್. ಪ್ಯಾಕಿನ ಹತ್ತರಲ್ಲಿ ಒಂದು ಬೇರೆ ಬಗೆಯದು ಅಂತ ಬಿಟ್ಟರೆ ಒಂಬತ್ತು ಉಳಿಯುತ್ತೆ. ಸುಮಾರು 37 ಪ್ಯಾಕಿಗೆ ಒಬ್ಬ ಟ್ರೌಟ್. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಮಗಳಿಗೆ ಆರು ವರ್ಷ ಆದಾಗ ಒಂದು ಆಟ ಶುರುವಾಯಿತು. ಆಗಸ್ಟ್ 7 ಟ್ರೌಟ್ ಹುಟ್ಟಿದ ದಿನ. ಆ ದಿನ ಪ್ಯಾಕನ್ನು ಡ್ರಾಯರ್‌ನಿಂದ ತೆಗೆದು ಊಟದ ಟೇಬಲ್ ಮೇಲೆ ಇಡುತ್ತಿದ್ದೆವು. ಅವಳು ಬೆಳಕಿಗೆ ಹಿಡಿದು ನೋಡುವಳು. ಕಿವಿ ಹತ್ತಿರ ಅಲ್ಲಾಡಿಸುವಳು. ಮೂಸುವಳು. 330 ಹೆಸರಿನ ಪಟ್ಟಿ ಪ್ರಿಂಟ್ ಮಾಡಿ ಇಟ್ಟಿದ್ದೆ. ಅದರಲ್ಲಿ ಒಳಗೆ ಯಾರಿರಬಹುದು ಅಂತ ಇಬ್ಬರೂ ಒಂದೊಂದು ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನಾನು ಪ್ರತಿ ವರ್ಷ ಟ್ರೌಟ್ ಅಂತಲೇ ಬರೆದೆ. ಅವಳು ಪ್ರತಿ ವರ್ಷ ಬೇರೆ. ಒಂದು ವರ್ಷ ಹೋಸೆ ಆಲ್ಟುವೆ, ಎಲ್ಲರಿಗಿಂತ ಕುಳ್ಳ ಅಂತ. 2021ರಲ್ಲಿ ಆಂಟನಿ ರಿಝೋ. ಅವನಿಗೆ ಹದಿನೆಂಟನೇ ವಯಸ್ಸಿನಲ್ಲಿ ಕ್ಯಾನ್ಸರ್ ಬಂದು ವಾಸಿಯಾಗಿತ್ತು ಅನ್ನೋದನ್ನು ಲೈಬ್ರರಿ ಪುಸ್ತಕದಲ್ಲಿ ಓದಿಕೊಂಡು ಬಂದಿದ್ದಳು.

ತೆಗೆಯೋದು ಯಾವಾಗ ಅಂತಲೂ ತೀರ್ಮಾನ ಆಗಿತ್ತು. ಟ್ರೌಟ್ ಆಟ ಬಿಟ್ಟ ದಿನ, ಇಬ್ಬರೂ ಸೇರಿ.

ಈ ವಾರ ಒಂದು ಕಾರ್ಡಿನ ಬಗ್ಗೆ ಬಂದ ಸುದ್ದಿ ನೋಡಿ ನನ್ನ ತಲೆ ತಿರುಗಿತು. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಪಾಲ್ ಸ್ಕೀನ್ಸ್ ಕಳೆದ ಮೇ 11ರಂದು ಮೊದಲ ಪಂದ್ಯ ಆಡಿದ್ದ. ಆ ದಿನ ಅವನ ಅಂಗಿ ಮೇಲಿದ್ದ ಪಟ್ಟಿಯನ್ನೇ ಬಿಚ್ಚಿ, ಕಾರ್ಡಿನೊಳಗೆ ಕೂರಿಸಿ, ಅವನ ಸಹಿ ಹಾಕಿಸಿ ಮಾಡಿದ ಕಾರ್ಡ್ ಅದು. ಲೋಕಕ್ಕೆಲ್ಲ ಅದೊಂದೇ. 2024ರ ಟಾಪ್ಸ್ ಕ್ರೋಮ್ ಅಪ್‌ಡೇಟ್ ಪ್ಯಾಕುಗಳಲ್ಲಿ ಎಲ್ಲೋ ಒಂದು ಕಡೆ ಸೇರಿಸಿಬಿಟ್ಟಿದ್ದರು. ಕಾರ್ಡ್ ಕೊಟ್ಟವರಿಗೆ ತಮ್ಮ ಮೈದಾನದಲ್ಲಿ ಹೋಮ್ ಪ್ಲೇಟಿನ, ಅಂದರೆ ಬ್ಯಾಟ್ ಮಾಡುವ ಜಾಗದ, ಹಿಂದೆ 30 ವರ್ಷ ಎರಡು ಸೀಟು ಕೊಡ್ತೀವಿ ಅಂತ ಪೈರೇಟ್ಸ್‌ನವರೇ ಹೇಳಿದ್ದರು. ಅದು ಸಿಕ್ಕಿದ್ದು ಲಾಸ್ ಏಂಜಲೀಸ್‌ನ ಹನ್ನೊಂದು ವರ್ಷದ ಹುಡುಗನಿಗೆ, ಕ್ರಿಸ್‌ಮಸ್ ಉಡುಗೊರೆಯ ಪ್ಯಾಕಿನಲ್ಲಿ.

ಒಂದು ವಿಷಯ ನಿನ್ನೆ ನನಗೆ ಹೊಳೆಯಲೇ ಇಲ್ಲ. ಆ ಕಾರ್ಡ್ ಸಿಕ್ಕಿತು ಅಂದರೆ ಇನ್ನು ಯಾವ ಪ್ಯಾಕಿನಲ್ಲೂ ಅದು ಇಲ್ಲ. ಹೋದ ವಾರ ಇದ್ದ ಆಸೆಗೂ ಈ ವಾರ ಜಾಗ ಇಲ್ಲ. ಆದರೂ ಆಫೀಸ್ ಮುಗಿಸಿ ಬರುವಾಗ ಕಾರು ತಾನಾಗಿಯೇ ಕಾರ್ಡ್ ಅಂಗಡಿ ಕಡೆ ತಿರುಗಿತು. ನನ್ನ ಹಾಗೆ ಇನ್ನೂ ನಾಲ್ಕೈದು ಜನ ಕೌಂಟರ್ ಮುಂದೆ ನಿಂತಿದ್ದರು. ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ. ಎಲ್ಲರ ಕಣ್ಣೂ ಡಬ್ಬದ ಮೇಲೆ.

ಮೂರು ಪ್ಯಾಕ್ ಕೊಂಡೆ. ಮನೆಗೆ ಹೋಗುವ ತನಕ ತಡೆಯಲಾಗಲಿಲ್ಲ. ಪಾರ್ಕಿಂಗ್‌ನಲ್ಲೇ ಕಾರಿನ ಹೀಟರ್ ಹಾಕಿ ಕೂತೆ. ಹೋದ ಭಾನುವಾರ ಫಿಲಡೆಲ್ಫಿಯಾದ ಅಮೆರಿಕನ್ ಫುಟ್‌ಬಾಲ್ ತಂಡ ಈಗಲ್ಸ್‌ನ ಪಂದ್ಯದ ದಿನ ಬಿದ್ದ ಹಿಮ ಅಂಚಿನಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತಿತ್ತು. ಕೈಗವಸು ಬಿಚ್ಚಿ ಮೊದಲನೆಯದನ್ನು ಹರಿದೆ.

ಈ ಹವ್ಯಾಸ ಇಲ್ಲದವರಿಗೆ ಆ ಕ್ಷಣ ಹೇಗಿರುತ್ತೆ ಅಂತ ಹೇಳೋದು ಕಷ್ಟ. ಹೊಳೆಯುವ ಹಾಳೆ ಚರ್ರನೆ ಬಿಡುತ್ತೆ. ಹೊಸ ಬಣ್ಣದ ವಾಸನೆ ಮೂಗಿಗೆ ಬರುತ್ತೆ. ಕ್ರೋಮ್ ಕಾರ್ಡುಗಳು ಸ್ವಲ್ಪ ಬಾಗಿರುತ್ತವೆ, ಒಣಗಿದ ಎಲೆ ಹಾಗೆ. ನಾನು ಯಾವಾಗಲೂ ಬೋರಲು ಹಿಡಿದುಕೊಂಡು ಬೆನ್ನ ಕಡೆಯಿಂದ ನೋಡುತ್ತೇನೆ. ಒಂದು ಕಾರ್ಡ್ ಉಳಿದ ಕಾರ್ಡುಗಳಿಗಿಂತ ದಪ್ಪ ಇದೆಯಾ ಅಂತ ಹೆಬ್ಬೆರಳು ಹುಡುಕುತ್ತೆ. ಅಂಚಿನಲ್ಲಿ ಬೇರೆ ಬಣ್ಣ ಕಂಡಿತಾ ಅಂತ ಕಣ್ಣು ಹುಡುಕುತ್ತೆ. ಎದೆ ಹೊಡೆದುಕೊಳ್ಳುತ್ತಾ ಇರುತ್ತೆ. ಒಂದು ನಿಮಿಷವೂ ಇಲ್ಲ, ಅದರಷ್ಟು ಎಚ್ಚರವಾಗಿ ನಾನು ದಿನದಲ್ಲಿ ಬೇರೆ ಯಾವಾಗಲೂ ಇರೋದಿಲ್ಲ.

ಮೂರರಲ್ಲೂ ಏನೂ ಇಲ್ಲ. ಒಳಗೆ ಹೋಗಿ ಇನ್ನೆರಡು ತಂದೆ. ಅವುಗಳಲ್ಲೂ ಇಲ್ಲ. ಪ್ಯಾಕಿಗೆ ನಾಲ್ಕರಂತೆ ಇಪ್ಪತ್ತು ಕಾರ್ಡ್ ಪಕ್ಕದ ಸೀಟಿನ ಮೇಲೆ ಬಿದ್ದಿದ್ದವು. ಅಷ್ಟು ದುಡ್ಡಿಗೆ ಅದೇ ಅಂಗಡಿಯಲ್ಲಿ ಸ್ಕೀನ್ಸ್‌ನ ಸಾಧಾರಣ ರೂಕಿ ಕಾರ್ಡೇ ಬಿಡಿಯಾಗಿ ಸಿಗುತ್ತಿತ್ತು, ಮೇಲೆ ಚಿಲ್ಲರೆಯೂ ವಾಪಸ್ ಬರುತ್ತಿತ್ತು. ಹೊಸಬರು ಕೇಳಿದರೆ ನಾನು ಹೇಳೋದೂ ಇದನ್ನೇ. ನಿಮಗೆ ಬೇಕಾದ ಕಾರ್ಡನ್ನು ಬಿಡಿಯಾಗಿ ಕೊಳ್ಳಿ, ಪ್ಯಾಕಿಗೆ ಹೋಗಬೇಡಿ. ಈ ಮಾತನ್ನು ಈಗಲೂ ಮನಸಾರೆ ಹೇಳುತ್ತೇನೆ.

ಚಿಕ್ಕವನಿದ್ದಾಗಲೂ ಹೀಗೇ ಆಗಿತ್ತು. 1987ರ ರಿಲಯನ್ಸ್ ಕಪ್ ಹೊತ್ತಿಗೆ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಚಿತ್ರ ಬರುತ್ತಿತ್ತು. ಅರಸೀಕೆರೆಯ ನಮ್ಮ ಬೀದಿಯ ಅಂಗಡಿಯಲ್ಲಿ ಗಮ್ ಕೊಂಡು, ಗಮ್ಮನ್ನು ಪಕ್ಕದ ಹುಡುಗನಿಗೆ ಕೊಟ್ಟು ಚಿತ್ರ ನೋಡುತ್ತಿದ್ದೆ. ಒಮ್ಮೆ ಅಮ್ಮ ಕಾಫಿಪುಡಿಗೆ ಕೊಟ್ಟ ದುಡ್ಡೂ ಅದಕ್ಕೇ ಹೋಯಿತು. ಅಮ್ಮ ಬೈಯಲಿಲ್ಲ. ಅವತ್ತು ಸಂಜೆ ಮನೆಯಲ್ಲಿ ಯಾರೂ ಕಾಫಿ ಕುಡಿಯಲಿಲ್ಲ, ಅಷ್ಟೇ. ಅದು ಇವತ್ತಿಗೂ ನನ್ನ ಹೊಟ್ಟೆಯೊಳಗೆ ಕೂತಿದೆ.

ಊಟ ಆಯಿತು. ಎಲ್ಲರೂ ಮಲಗಿದರು. ನನಗೆ ನಿದ್ದೆ ಹತ್ತಲಿಲ್ಲ. ಐದು ಪ್ಯಾಕ್ ಹರಿದರೂ ಆ ಚಪಲ ತೀರಿರಲಿಲ್ಲ, ಇನ್ನೂ ಕೆರಳಿತ್ತು. ಕೆಳಗೆ ಬಂದು ನೀರು ಕುಡಿದೆ. ಡ್ರಾಯರ್ ಎಳೆದೆ. ಸುಮ್ನೆ ನೋಡೋಣ ಅಂತಲೇ ಎಳೆದಿದ್ದು.

ಹಳೆಯ ಅಂಟು ಇಷ್ಟು ಸುಲಭವಾಗಿ ಬಿಡುತ್ತೆ ಅಂತ ಗೊತ್ತಿರಲಿಲ್ಲ. ಮೇಲಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದಿದ್ದೆ. ಹಿಡಿದಿದ್ದೆ ಅಷ್ಟೇ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಬಿಟ್ಟುಕೊಂಡಿತು. ಹೊಸ ಪ್ಯಾಕಿನ ಹಾಗೆ ಸದ್ದೂ ಬರಲಿಲ್ಲ. ಹತ್ತು ಕಾರ್ಡೂ ಒಂದಕ್ಕೊಂದು ಕಚ್ಚಿಕೊಂಡು ಒಂದೇ ಬಿಲ್ಲೆ ಆಗಿದ್ದವು. ಮೇಲಿನ ಹೊಳಪು ಹದಿಮೂರು ವರ್ಷದಲ್ಲಿ ಅಂಟಿಕೊಂಡಿತ್ತು. ಒಂದೊಂದನ್ನೂ ಮೆಲ್ಲಗೆ ಬಿಡಿಸಬೇಕಾಯಿತು. ಬಿಡಿಸುವಾಗ ಬಾಳೆ ಎಲೆ ಸೀಳಿದ ಹಾಗೆ ಸಣ್ಣ ಸದ್ದು. ಎರಡು ಕಾರ್ಡಿನ ಮೂಲೆಯಲ್ಲಿ ಬಣ್ಣ ಕಿತ್ತು ಬಂತು. ನಾನು ಬೆನ್ನಿನ ನಂಬರ್ ಮಾತ್ರ ನೋಡುತ್ತಿದ್ದೆ. 175 ಇರಲಿಲ್ಲ.

ಹೆಚ್ಚಿನವರು ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ನನಗೆ ಹೆಸರೇ ಗೊತ್ತಿಲ್ಲದವರು. ಏಳನೆಯದು ಯುಎಸ್ 55. ತಿರುಗಿಸಿದರೆ ಸ್ಯಾನ್ ಡಿಯೇಗೋ ಪಾಡ್ರೆಸ್ ಅಂಗಿಯಲ್ಲಿ ಎಳೆ ಮುಖದ ಆಂಟನಿ ರಿಝೋ.

ಎದೆ ಧಸಕ್ಕೆಂದಿತು. ಮಗಳು ಬರೆದಿದ್ದ ಹೆಸರು. ಅವಳು ಎದ್ದಿದ್ದರೆ, ಅವಳ ಕೈಯಲ್ಲೇ ಬಂದಿದ್ದರೆ, ಮನೆ ಹಾರಿ ಹೋಗುವ ಹಾಗೆ ಕಿರುಚುತ್ತಿದ್ದಳು. ಅಡುಗೆಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಕವರನ್ನು ಮುದುರಿ ಕಸಕ್ಕೆ ಹಾಕಿದೆ. ಯಾಕೆ ಅಷ್ಟು ಆತುರದಿಂದ ಹಾಕಿದೆ ಅನ್ನೋದು ನನಗೆ ಗೊತ್ತು. ಯಾರೂ ನೋಡಬಾರದು ಅಂತ.

ಟ್ರೌಟ್ ಸಿಗಲಿಲ್ಲ ಅನ್ನುವ ಬೇಜಾರು ಅಲ್ಲ ಇದು. ಸಿಗೋದಿಲ್ಲ ಅನ್ನೋದೇ ಲೆಕ್ಕ. ಸಿಕ್ಕಿದ್ದರೂ ಇದೇ ಸಂಕಟ ಇರುತ್ತಿತ್ತು, ಇನ್ನೂ ಜಾಸ್ತಿಯೇ ಇರುತ್ತಿತ್ತೇನೋ. ಆಗಸ್ಟ್ ಬಂದರೆ ಟೇಬಲ್ ಮೇಲೆ ಏನಿಡುವುದು?

ಬೆಳಗ್ಗೆ ಹೆಂಡತಿಗೆ ಮೊದಲು ಹೇಳಿದೆ. ಅವಳು ದೋಸೆ ಹುಯ್ಯುತ್ತಿದ್ದವಳು ಸೌಟು ಹಿಡಿದುಕೊಂಡೇ ತಿರುಗಿದಳು. "ಅವಳನ್ನ ಎಬ್ಬಿಸಬಾರದಿತ್ತಾ ರೀ?" ಅಂದಳು. ಬೇರೆ ಏನೂ ಅನ್ನಲಿಲ್ಲ. ಎಬ್ಬಿಸಬಹುದಿತ್ತು. ಹನ್ನೆರಡು ಮೆಟ್ಟಿಲು ಹತ್ತಬೇಕಿತ್ತು, ಅಷ್ಟೇ. ಅದು ಆಗ ನನ್ನ ತಲೆಗೇ ಬರಲಿಲ್ಲ.

ಮಗಳು ಎದ್ದು ಬಂದಾಗ ಹತ್ತು ಕಾರ್ಡನ್ನೂ ಟೇಬಲ್ ಮೇಲೆ ಸಾಲಾಗಿ ಇಟ್ಟಿದ್ದೆ. ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು. ಅಳಲಿಲ್ಲ. ರಿಝೋ ಕಾರ್ಡನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ನೋಡಿ, ವಾಪಸ್ ಅದರ ಜಾಗದಲ್ಲೇ ಇಟ್ಟಳು. ತಪ್ಪಾಯ್ತು ಪುಟ್ಟಿ ಅಂದೆ. ಹೂಂ ಅಂದಳು.

ಸ್ವಲ್ಪ ಹೊತ್ತಾದ ಮೇಲೆ "ಅಪ್ಪ, ಕವರ್ ಎಲ್ಲಿ?" ಅಂದಳು.

ಕಸದ ಚೀಲ ಆಗಲೇ ಗ್ಯಾರೇಜಿನ ಡಬ್ಬಕ್ಕೆ ಹೋಗಿತ್ತು. ಇಬ್ಬರೂ ಜಾಕೆಟ್ ಹಾಕಿಕೊಂಡು ಹೋದೆವು. ಗ್ಯಾರೇಜಿನಲ್ಲಿ ಉಸಿರು ಬಿಟ್ಟರೆ ಹೊಗೆ ಕಾಣುವಷ್ಟು ಚಳಿ. ಚೀಲ ಬಿಚ್ಚಿ, ಈರುಳ್ಳಿ ಸಿಪ್ಪೆ, ಚಹಾ ಚರಟದ ನಡುವೆ ಕೈ ಹಾಕಿ ಹುಡುಕಿದೆ. ಸಿಕ್ಕಿತು. ಒಳಗೆ ತಂದು ಒದ್ದೆ ಬಟ್ಟೆಯಲ್ಲಿ ಅವಳೇ ಒರೆಸಿದಳು. ಟೇಬಲ್ ಅಂಚಿಗೆ ಇಟ್ಟು ಅಂಗೈಯಲ್ಲಿ ಮತ್ತೆ ಮತ್ತೆ ಒತ್ತಿ ಸಪಾಟು ಮಾಡಿದಳು. ಹಿಂಬದಿಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಯಾವ ಬಗೆಯ ಕಾರ್ಡ್ ಎಷ್ಟು ಪ್ಯಾಕಿಗೆ ಒಂದು ಅಂತ ಸಾಲು ಸಾಲು ಅಚ್ಚಾಗಿತ್ತು. ಇಷ್ಟು ವರ್ಷ ಪ್ಯಾಕ್ ಹಿಡಿದು ನೋಡಿದ್ದೆವು, ಅದನ್ನು ಇಬ್ಬರೂ ಯಾವತ್ತೂ ಪೂರ್ತಿ ಓದಿರಲಿಲ್ಲ. ಅವಳು ಬೆರಳಿಟ್ಟು ಪೂರ್ತಿ ಓದಿದಳು.

ಫ್ಲೋರಿಡಾದಲ್ಲಿರುವ ಆ ಹಿರಿಯರಿಗೆ ಇನ್ನೂ ಫೋನ್ ಮಾಡಿಲ್ಲ. ನಾಳೆ ಈಗಲ್ಸ್ ಪಂದ್ಯಕ್ಕೆ ಮುಂಚೆ ಮಾಡಬೇಕು.

ಮಧ್ಯಾಹ್ನ ಮಗಳು ನೋಟ್‌ಬುಕ್ ತೆಗೆದುಕೊಂಡು ಬಂದಳು. 2021ರ ಪುಟದಲ್ಲಿ ತನ್ನ ಅಕ್ಷರದ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಸರಿ ಗುರುತು ಹಾಕಿದಳು. ಆಮೇಲೆ 2025ರ ಖಾಲಿ ಪುಟ ತೆಗೆದು ಕವರನ್ನು ಟೇಪ್ ಹಚ್ಚಿ ಅಂಟಿಸಿದಳು.

"ಯಾವ ತಾರೀಖು ಬರೀಲಿ ಅಪ್ಪ? ನಿನ್ನೇದಾ, ಇವತ್ತಿಂದಾ?"

ನಿನ್ನೇದು ಅಂದೆ.