ಟವೆಲ್ಲಿನ ಅಡಿಯಲ್ಲಿ

ಪಾಂಡವಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಿಸ್ಸು. ಹೋದ ಮಳೆಗಾಲದ ಒಂದು ಶನಿವಾರ ಹುಡುಗರನ್ನು ಕಬಡ್ಡಿಗೆ ಕಳಿಸಿ, ಎಂಟನೇ ತರಗತಿಯ ಹೆಣ್ಣುಮಕ್ಕಳನ್ನು ಮುಟ್ಟಿನ ಪಾಠಕ್ಕೆ ಕೂರಿಸಿಕೊಂಡೆ. (ಹುಡುಗರೂ ಕೇಳಬೇಕಾದ ಪಾಠವೇ. ಅಷ್ಟು ಧೈರ್ಯ ಅವತ್ತು ನನಗಿರಲಿಲ್ಲ.)

ಬೋರ್ಡಿನ ಮೇಲೆ ಗರ್ಭಕೋಶ ಬರೆದೆ. ಒಬ್ಬಳೂ ತಲೆ ಎತ್ತಲಿಲ್ಲ. 'ಬಾಯಲ್ಲಿ ಕೇಳೋದು ಬೇಡ, ಚೀಟೀಲಿ ಬರೀರಿ' ಅಂತ ಸೀಮೆಸುಣ್ಣದ ಖಾಲಿ ಡಬ್ಬ ಕೊಟ್ಟೆ. ತುಂಬಿ ಬಂತು.

'ಹೊರಗಾದಾಗ ಹೋಗೋದು ಕೆಟ್ಟ ರಕ್ತವಾ?' ಅಲ್ಲ ಕಣ್ರವ್ವ, ಬಸಿರು ನಿಲ್ಲದ ತಿಂಗಳು ಗರ್ಭಕೋಶದ ಒಳಪದರ ಕಳಚಿ ಬರೋದು ಅದು. 'ನಲವತ್ತು ದಿನಕ್ಕೆ ಆಗುತ್ತೆ, ಕಾಯಿಲೆನಾ?' ದೊಡ್ಡೋಳಾದ ಮೊದಲ ಒಂದೆರಡು ವರ್ಷ 21ರಿಂದ 45 ದಿನದೊಳಗೆ ಬಂದರೆ ಗಾಬರಿ ಬೇಡ. ಮೂರು ತಿಂಗಳು ಬರದಿದ್ದರೆ, ಏಳು ದಿನ ದಾಟಿಯೂ ನಿಲ್ಲದಿದ್ದರೆ, ಗಂಟೆಗೊಂದು ಪ್ಯಾಡು ನೆನೆದರೆ ಡಾಕ್ಟರಿಗೆ ತೋರಿಸಬೇಕು. 'ವಾರಕ್ಕೊಂದು ಕೊಡೋ ನೀಲಿ ಮಾತ್ರೆ ನುಂಗಿದ್ರೆ ಮಕ್ಕಳಾಗಲ್ವಂತೆ?' ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ರಕ್ತ ಕಮ್ಮಿಯಾಗದಿರಲಿ ಅಂತ ಕೊಡೋ ಕಬ್ಬಿಣದ ಮಾತ್ರೆ ಅದು. ಎಷ್ಟು ಮಾತ್ರೆ ಕಿಟಕಿಯಾಚೆ ಹೋಗಿವೆಯೋ!

ಕೊನೇ ಚೀಟಿ: 'ಬಟ್ಟೆ ಬಿಸಿಲಿಗೆ ಹಾಕಿ ಅಂತೀರಲ್ಲ ಮಿಸ್, ನೀವೆಲ್ಲಿ ಹಾಕ್ತೀರ?'

ಶಾಲೆ ಹೆಣ್ಣುಮಕ್ಕಳಿಗೆ ಸರ್ಕಾರ ಪುಕ್ಕಟೆ ಕೊಡೋ ಶುಚಿ ಯೋಜನೆಯ ಪ್ಯಾಡು 2024ರಲ್ಲಿ ಮತ್ತೆ ಶುರುವಾದ ಮೇಲೆ ಬಟ್ಟೆಯ ಮಾತು ಹಳೇದಾಯ್ತು ಅಂದ್ಕೊಂಡಿದ್ದೆ. ಒಂದೇ ಪ್ಯಾಕೆಟ್ಟಿನಲ್ಲಿ ಅವ್ವ, ಅಕ್ಕ ಎಲ್ಲರೂ ತೂಗಿಸಿಕೊಳ್ಳುವ ಮನೆಗಳಿವೆ ಅಂತ ಹೊಳೆದಿರಲಿಲ್ಲ.

ಸುಳ್ಳು ಹೇಳಬಹುದಿತ್ತು. ನಾನೂ ರಾತ್ರಿ ಹೊತ್ತು ಬಟ್ಟೆಯನ್ನೇ ಬಳಸೋದು. ಒಣಗಿಸೋದು ಬಚ್ಚಲುಮನೆ ಹಿಂದಿನ ತಂತಿಯ ಮೇಲೆ, ಹಳೇ ಟವೆಲ್ಲಿನ ಅಡಿಯಲ್ಲಿ. ಮಾವ ಹಿತ್ತಲಿಗೆ ಓಡಾಡ್ತಾರಲ್ಲ. ಮಳೆಗಾಲದಲ್ಲಿ ಎರಡು ದಿನವಾದರೂ ಮುಗ್ಗಲು ವಾಸನೆ ಹೋಗಲ್ಲ. ಹಾಗೇ ಹೇಳಿಬಿಟ್ಟೆ.

ತಲೆಗಳು ಎದ್ದವು. 'ನಮ್ಮನೇಲಿ ಕೊಟ್ಟಿಗೆ ಸೂರಿಗೆ ಸಿಗಿಸ್ತೀವಿ ಮಿಸ್.' 'ನಾನು ಲಂಗದ ಒಳಗೆ.' ಹಿಂದಿನ ಸಾಲಿನವಳು ಮೆಲ್ಲಗೆ, 'ನಾನು ಒದ್ದೇದೇ ಮಡಿಸಿಡ್ತೀನಿ' ಅಂದಳು. ತೊಡೆಸಂದಿಯ ಕಡಿತಕ್ಕೆ ಅಂಗಡಿಯಿಂದ ಮುಲಾಮು ತಂದು ಹಚ್ತಿದಾಳಂತೆ, ನಾಲ್ಕು ತಿಂಗಳಿಂದ.

ಮಾರನೇ ದಿನ ನನಗೂ ಆ ದಿನವೇ. ಬಿಸಿಲು ಚೆನ್ನಾಗಿತ್ತು. ಟವೆಲ್ ತೆಗೆದುಹಾಕಿದೆ. ಮಾವ ಬಂದರು, ನುಗ್ಗೆಸೊಪ್ಪು ಕಿತ್ತುಕೊಂಡು ಹೋದರು. ಅತ್ತೆ ಬಂದರು, ತುಟಿಪಿಟಕ್ಕೆನ್ನದೆ ಟವೆಲ್ ಮತ್ತೆ ಹೊದಿಸಿದರು. ಆಮೇಲಿಂದ ತಿಂಗಳು ತಿಂಗಳೂ ಇದೇ ಆಗಿದೆ. ನಾನು ತೆಗೀತೀನಿ, ಅವರು ಹೊದಿಸ್ತಾರೆ.