ಒಮಾಹಾದ ಚಳಿಗೆ ಚಿಕನ್ ನೂಡಲ್ ಸೂಪ್

ಅಮೆರಿಕದ ನೆಬ್ರಾಸ್ಕ ರಾಜ್ಯದ ಒಮಾಹಾದಲ್ಲಿ ಜನವರಿ ಬಂತು ಅಂದರೆ ಎಲ್ಲರಿಗೂ ಕೆಮ್ಮು, ನೆಗಡಿ. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ. ಆಗ ಇಲ್ಲಿಯವರು ಒಲೆಯ ಮೇಲೆ ಇಡುವುದು ಚಿಕನ್ ನೂಡಲ್ ಸೂಪ್. ನೆಗಡಿಗೆ ನಮ್ಮಲ್ಲಿ ಮೆಣಸಿನ ಸಾರು ಹೇಗೋ ಇವರಿಗೆ ಇದು ಹಾಗೆ. ಕ್ಯಾಂಬೆಲ್ಸ್ ಕಂಪನಿ 1934ರಿಂದಲೇ ಇದನ್ನು ಡಬ್ಬಿಯಲ್ಲಿ ಮಾರುತ್ತಿದೆ. ಆದರೆ ಡಬ್ಬಿಯದ್ದನ್ನು ಕುಡಿದು ಇದರ ರುಚಿ ಇಷ್ಟೇ ಅಂದುಕೊಳ್ಳಬೇಡಿ. ಮನೆಯದ್ದೇ ಬೇರೆ.

ನನಗೆ ಕಲಿಸಿದವರು ಪಕ್ಕದ ಮನೆಯ ಅಜ್ಜಿ. ಅವರು ಮೊದಲು ಹೇಳಿದ್ದು ಮೂಳೆಯ ವಿಷಯ. ಬೋನ್‌ಲೆಸ್ ತಂದರೆ ಸೂಪ್ ಆಗಲ್ಲ, ಬಿಸಿನೀರಾಗುತ್ತೆ ಅಂದರು. ಸುಮಾರು ಒಂದೂವರೆ ಕಿಲೋದ ಇಡೀ ಕೋಳಿ ಬೇಕು. ದೊಡ್ಡ ಪಾತ್ರೆಯಲ್ಲಿಟ್ಟು, ಮುಳುಗುವಷ್ಟು ತಣ್ಣೀರು ಹಾಕಿ. ಕುದಿ ಬರುವಾಗ ಮೇಲೆ ಬೂದುಬಣ್ಣದ ನೊರೆ ಏಳುತ್ತೆ. ಅದನ್ನು ಸೌಟಿನಿಂದ ತೆಗೆಯಿರಿ. ಆಮೇಲೆ ಎರಡಾಗಿ ಸೀಳಿದ ಈರುಳ್ಳಿ, ಕ್ಯಾರೆಟ್, ಸೆಲರಿ ದಂಟು, ಒಂದು ಪಲಾವ್ ಎಲೆ, ಕೆಲವು ಕಾಳುಮೆಣಸು ಹಾಕಿ ಉರಿ ತಗ್ಗಿಸಿ.

ಇಲ್ಲಿಂದ ಮುಂದೆ ತಾಳ್ಮೆಯದ್ದೇ ಕೆಲಸ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳಬೇಕು, ಅಷ್ಟೇ. ಕೊತಕೊತ ಕುದಿಸಿದರೆ ಕೊಬ್ಬು ನೀರಿನ ಜೊತೆ ಕದಡಿ ಸೂಪ್ ಮಬ್ಬಾಗುತ್ತೆ. ಮುಕ್ಕಾಲು ಗಂಟೆಯ ಹೊತ್ತಿಗೆ ಎದೆಯ ಮಾಂಸ ಬೆಂದಿರುತ್ತೆ. ಅದನ್ನು ಬಿಡಿಸಿ ಪಕ್ಕಕ್ಕಿಡಿ, ಇಲ್ಲದಿದ್ದರೆ ನಾರಾಗುತ್ತೆ. ಮಿಕ್ಕಿದ್ದು ಇನ್ನೂ ಒಂದೂವರೆ ಗಂಟೆ ಬೇಯಲಿ. ಮೂಳೆ ಸಂದಿನ, ಚರ್ಮದ ಅಂಟು ಕರಗಿ ನೀರಿಗೆ ಇಳಿಯಲು ಅಷ್ಟು ಹೊತ್ತು ಬೇಕು. ಸೋಸಿದ ಸೂಪ್ ಫ್ರಿಜ್‌ನಲ್ಲಿ ಮಾರನೇ ದಿನ ಜೆಲ್ಲಿಯಾಗಿ ಅಲುಗಾಡಿದರೆ ಚೆನ್ನಾಗಿ ಆಗಿದೆ ಅಂತ ಅರ್ಥ. ಮೇಲೆ ಕಟ್ಟಿದ ಕೊಬ್ಬನ್ನು ಸ್ವಲ್ಪ ಉಳಿಸಿಕೊಳ್ಳಿ. ಘಮ ಇರುವುದು ಅದರಲ್ಲೇ.

ಬೆಂದು ಸಪ್ಪೆಯಾದ ತರಕಾರಿ ಬಿಸಾಡಿ. ಹೊಸದಾಗಿ ಹೆಚ್ಚಿದ ಕ್ಯಾರೆಟ್, ಸೆಲರಿ ಹಾಕಿ ಮೆತ್ತಗಾಗುವವರೆಗೆ ಬೇಯಿಸಿ. ಬಿಡಿಸಿಟ್ಟ ಮಾಂಸ ಸೇರಿಸಿ. ಉಪ್ಪು ಕಡೆಯಲ್ಲಿ ಹಾಕಿ, ನೀರು ಇಂಗಿದಂತೆ ಅದು ಜಾಸ್ತಿಯಾಗುತ್ತೆ ಅಲ್ವಾ. ಕೊನೆಗೆ ಸಬ್ಬಸಿಗೆ ಸೊಪ್ಪು ಉದುರಿಸಿ.

ನಮಗೆ ಕೈ ತಡೆಯಲ್ಲ, ನನಗೆ ಗೊತ್ತು. ಒಗ್ಗರಣೆ ಹಾಕೋಣ, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಬೆರೆಸೋಣ ಅನ್ನಿಸುತ್ತೆ. ದಯವಿಟ್ಟು ಒಂದು ಸಲ ಹಾಗೇ ಕುಡಿದು ನೋಡಿ. ಕೋಳಿಗೆ ಅದರದ್ದೇ ಒಂದು ಸಿಹಿ ಇದೆ. ಮಸಾಲೆ ಬಿದ್ದರೆ ಅದು ಮುಚ್ಚಿಹೋಗುತ್ತೆ.

ನೂಡಲ್ಸ್ ಅಂದರೆ ಎರಡು ನಿಮಿಷದ ಪ್ಯಾಕೆಟ್ ಅಲ್ಲ, ಮೊಟ್ಟೆ ಹಾಕಿ ಮಾಡಿದ ಅಗಲ ಪಟ್ಟಿಗಳು. ಇನ್ನೂರು ಗ್ರಾಂ ಮೈದಾಕ್ಕೆ ಎರಡು ಮೊಟ್ಟೆ, ಚಿಟಿಕೆ ಉಪ್ಪು. ಗಟ್ಟಿಯಾಗಿ ನಾದಿ, ಅರ್ಧ ಗಂಟೆ ಬಿಟ್ಟು, ತೆಳ್ಳಗೆ ಲಟ್ಟಿಸಿ ಕತ್ತರಿಸಿ. ಬೇರೆ ನೀರಿನಲ್ಲಿ ಬೇಯಿಸಿ, ತಿನ್ನುವಾಗ ಬಟ್ಟಲಿಗೆ ಹಾಕಿಕೊಳ್ಳಿ. ಸೂಪಿನಲ್ಲೇ ಬಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ಅದನ್ನೆಲ್ಲ ಹೀರಿಕೊಂಡಿರುತ್ತವೆ.

ನಿಜಕ್ಕೂ ನೆಗಡಿ ಹೋಗುತ್ತಾ ಅಂತ ಕೇಳಬಹುದು. ಹನ್ನೆರಡನೇ ಶತಮಾನದಲ್ಲೇ ಯಹೂದಿ ವೈದ್ಯ ಮೈಮೊನಿಡೀಸ್ ಕೋಳಿ ಸಾರನ್ನು ಔಷಧಿಯಾಗಿ ಹೇಳಿದ್ದ. ಇದಕ್ಕೆ ಯಹೂದಿ ಪೆನಿಸಿಲಿನ್ ಅನ್ನುವ ಅಡ್ಡಹೆಸರೂ ಇದೆ. ನಮ್ಮ ಒಮಾಹಾದ್ದೇ ಆದ ನೆಬ್ರಾಸ್ಕ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಸ್ಟೀಫನ್ ರೆನಾರ್ಡ್ ಇದನ್ನು ಪರೀಕ್ಷಿಸಿದರು. ಸೂಪ್ ಮಾಡಿದ್ದು ಅವರ ಹೆಂಡತಿಯ ಲಿಥುವೇನಿಯಾದ ಅಜ್ಜಿಯ ಕ್ರಮದಲ್ಲಿ! ಉರಿಯೂತದ ಜಾಗಕ್ಕೆ ಓಡುವ ಒಂದು ಬಗೆಯ ಬಿಳಿ ರಕ್ತಕಣಗಳ ಓಟ ಈ ಸೂಪಿನಿಂದ ಕಮ್ಮಿಯಾಯಿತು. 2000ದಲ್ಲಿ ವರದಿ ಪ್ರಕಟವಾಯಿತು. ಆದರೆ ಇದು ಲ್ಯಾಬಿನಲ್ಲಿ ನೋಡಿದ್ದು, ರೋಗಿಗಳಿಗೆ ಕುಡಿಸಿ ನೋಡಿದ್ದಲ್ಲ. ಇದನ್ನು ನಂಬಿ ಡಾಕ್ಟರನ್ನು ಬಿಡಬೇಡಿ. ಕಟ್ಟಿದ ಮೂಗಿಗೆ ಬಿಸಿ ಹಬೆ, ಒಣಗಿದ ಗಂಟಲಿಗೆ ಉಪ್ಪಿನ ನೀರಂಶ, ಇವು ಹಿತ ಕೊಡುವುದಂತೂ ನಿಜ.

ಊರಿನಲ್ಲಿ ಮಾಡುವವರು ನಾಟಿ ಕೋಳಿ ಸಿಕ್ಕರೆ ಬಿಡಬೇಡಿ. ಇಲ್ಲಿ ಅಂಥ ರುಚಿ ಹುಡುಕಿದರೂ ಸಿಗುವುದು ಕಷ್ಟ. ಮಾಂಸ ಗಟ್ಟಿ, ಮೂರು ಗಂಟೆಯಾದರೂ ಬೇಕು. ಕುಕ್ಕರಿನಲ್ಲಿ ಇಡುವುದಾದರೆ ಸಣ್ಣ ಉರಿಯಲ್ಲೇ ಇಡಿ, ಹಬೆ ತಾನಾಗಿ ಇಳಿಯಲಿ. ವೇಯ್ಟ್ ಎತ್ತಿ ಹಬೆ ಬಿಟ್ಟರೆ ಒಳಗೆ ಜೋರಾಗಿ ಕುದಿದು ಸೂಪ್ ಕದಡುತ್ತೆ.