ನಕ್ಷತ್ರ ಕಂಡಿದ್ದಕ್ಕೇ ಧೈರ್ಯ ಮಾಡಿದ್ದೆ

ಕಾರವಾರದಿಂದ ಕದ್ರಾ ಕಡೆಗೆ ಶಿಫ್ಟ್ ಬಸ್ ಓಡಿಸುತ್ತೇನೆ. ಜನವರಿಯ ಒಂದು ಬೆಳಗ್ಗೆ ಐದಕ್ಕೆ ಗಾಡಿ ತೆಗೆದಾಗ ಒಂದು ಚೂರೂ ಮೋಡ ಇರಲಿಲ್ಲ, ಗಾಳಿಯೂ ಇರಲಿಲ್ಲ. ಹೆಲ್ಪರ್ ಹುಡುಗ "ಅಣ್ಣ, ಮುಂದೆ ಮಂಜಿರಬಹುದಾ?" ಅಂದ. "ಇಷ್ಟು ನಕ್ಷತ್ರ ಕಾಣ್ತಿವೆ, ಎಲ್ಲಿ ಮಂಜು" ಅಂದುಬಿಟ್ಟೆ. ಎರಡು ಪಿಕಪ್ ಲೇಟ್ ಆಗಿತ್ತು, ಲಾಗ್‌ಶೀಟ್‌ನಲ್ಲಿ ಕೆಂಪು ಗೆರೆ ಬಿದ್ದರೆ ಮಧ್ಯಾಹ್ನ ಕರೆದು ಕೇಳುತ್ತಾರೆ, ಅದೇ ತಲೆಯಲ್ಲಿತ್ತು.

ಕಾಳಿ ನದಿ ರಸ್ತೆಗೆ ತೀರಾ ಹತ್ತಿರ ಬರುವ ಒಂದು ತಿರುವು ದಾಟಿದ್ದೇ ತಡ, ರಸ್ತೆ ಇಲ್ಲ. ಗಾಬರಿಗೆ ಹೈ ಬೀಮ್ ಹಾಕಿದೆ. ಬೆಳಕೆಲ್ಲ ಹನಿಗಳಿಗೆ ಬಡಿದು ನನ್ನ ಕಣ್ಣಿಗೇ ವಾಪಸ್ ಬಂತು. ಮುಂದಿನ ಸೀಟಿನಲ್ಲಿದ್ದ ಹಿರಿಯರು, ನದಿ ದಂಡೆಯಲ್ಲೇ ಮನೆ ಇರುವವರು, "ಡಿಪ್ ಮಾಡೋ ತಮ್ಮಾ, ಡಿಪ್ ಮಾಡು!" ಅಂತ ಕೂಗಿದರು. ಮಾಡಿದೆ. ಎದುರಿಗೆ ಟಿಪ್ಪರ್‌ನ ಹಿಂಬದಿ. ಟೇಲ್ ಲೈಟ್ ಇಲ್ಲ, ಅರ್ಧ ರಸ್ತೆ ಮೇಲೇ ನಿಂತಿದೆ. ಪೂರ್ತಿ ಬ್ರೇಕ್ ತುಳಿದೆ. ಬಸ್ ನಿಂತಾಗ ನಡುವೆ ಒಂದು ಮಾರು ಜಾಗ ಇತ್ತೋ ಇಲ್ಲವೋ. ಯಾರೂ ಮಾತಾಡಲಿಲ್ಲ. ವೈಪರ್ ಸದ್ದು ಮಾತ್ರ. ಹಿಂದಿನಿಂದ ಇನ್ನೊಂದು ಗಾಡಿ ಬಂದರೆ ಗತಿ ಏನು ಅಂತ ನನಗೆ ಹೊಳೆಯುವ ಮೊದಲೇ ಹೆಲ್ಪರ್ ಟಾರ್ಚ್ ಹಿಡಿದು ಹಿಂದಕ್ಕೆ ಓಡಿದ್ದ.

ಮಂಜು ಸ್ವಲ್ಪ ತೆಳುವಾಗುವವರೆಗೆ ಆ ಹಿರಿಯರು ಹೇಳುತ್ತಾ ಹೋದರು. ಮೋಡ ಅಂದರೆ ಹೊದಿಕೆ ಇದ್ದ ಹಾಗೆ, ನೆಲದ ಬಿಸಿಯನ್ನು ಹಿಡಿದಿಡುತ್ತದೆ. ಮೋಡ ಇಲ್ಲದ ಉದ್ದ ರಾತ್ರಿ ಆ ಬಿಸಿ ಮೇಲಕ್ಕೆ ಹೋಗಿಬಿಡುತ್ತದೆ. ತಣ್ಣಗಾದ ಗಾಳಿ ಭಾರ, ಗುಡ್ಡದಿಂದ ಇಳಿದು ಹೊಳೆಯ ತಗ್ಗಿನಲ್ಲಿ ಕೂರುತ್ತದೆ. ನೀರು ಅಷ್ಟು ಬೇಗ ತಣಿಯುವುದಿಲ್ಲ, ಅದರಿಂದ ಏಳುವ ತೇವ ಆ ಥಂಡಿ ಗಾಳಿಗೆ ಸೇರಿ ಹನಿಯಾಗುತ್ತದೆ. ಜೋರು ಗಾಳಿ ಬೀಸಿದ್ದರೆ ಮೇಲಿನ ಒಣ ಗಾಳಿ ಬೆರೆತು ಚದುರುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಥಂಡಿ ಜಾಸ್ತಿ, ಅದಕ್ಕೇ ಆಗ ಮಂಜೂ ದಟ್ಟ. ಕಾರವಾರ ಊರಲ್ಲಿ ಕಡಲು ಪಕ್ಕದಲ್ಲೇ ಇರುವುದರಿಂದ ರಾತ್ರಿ ಅಷ್ಟು ತಣಿಯುವುದಿಲ್ಲ. ಅಲ್ಲಿನ ಆಕಾಶ ನೋಡಿ ಒಳನಾಡಿನ ಹೊಳೆ ದಂಡೆಯನ್ನು ಲೆಕ್ಕ ಹಾಕಿದ್ದೆ ನಾನು. ನಕ್ಷತ್ರ ಕಂಡಾಗಲೇ ಹುಷಾರಾಗಬೇಕಿತ್ತು, ಅಲ್ವಾ?

ಆ ದಿನ 40 ನಿಮಿಷ ಲೇಟ್. ಕಾರಣ ಬರೆಯುವ ಕಾಲಂನಲ್ಲಿ 'ಮಂಜು' ಅಂತ ಬರೆದರೆ, ಇಲ್ಲಿ ಮಂಜೇ ಇರಲಿಲ್ಲವಲ್ಲ ಅಂದರು ಸೂಪರ್‌ವೈಸರ್. ಅವರು ಕೂತಿರುವುದು ಊರಲ್ಲಿ. ಫಾಗ್ ಲ್ಯಾಂಪ್ ಕೆಟ್ಟಿದೆ ಅಂತ ನಾನು ಬರೆದುಕೊಟ್ಟು ಆಗ ಎರಡು ತಿಂಗಳಾಗಿತ್ತು. ಹದಿನಾಲ್ಕು ಜನರನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಒಂದು ಲ್ಯಾಂಪ್ ಹಾಕಿಸಲು ಇಷ್ಟು ದಿನ ಬೇಕಾ?

ಈಗ ಮೋಡ, ಗಾಳಿ ಎರಡೂ ಇಲ್ಲದ ದಿನ ಕಾಲು ಗಂಟೆ ಮೊದಲೇ ಹೊರಡುತ್ತೇನೆ. ಆ ತಿರುವಿಗೆ ಮುಂಚೆಯೇ ಎರಡನೇ ಗೇರ್‌ಗೆ ಇಳಿಸಿ, ಕಿಟಕಿ ತೆರೆದು, ಹಾರ್ನ್ ಕೊಡುತ್ತಾ ಹೋಗುತ್ತೇನೆ. ಹಿರಿಯರು ಈಗಲೂ ಮುಂದಿನ ಸೀಟಿನಲ್ಲೇ ಕೂರುತ್ತಾರೆ.